ಜಿಐ ಶೀಟ್ (ಸತು ಬಳಿದ ಕಬ್ಬಿಣದ ತಗಡು) ಕೆಲ್ಸಕ್ಕೆ ಯಾವ ಗ್ಲೌಸ್ ತಗೊಳ್ಳುದು?

ಬೈಕಂಪಾಡಿ ಫಿಟ್ಟರ್:
ನಮ್ದು ಬೈಕಂಪಾಡಿಯಲ್ಲಿ ಸಣ್ಣ ಡಕ್ಟ್ (ಗಾಳಿ ಹೋಗುವ ತಗಡಿನ ಕೊಳವೆ) ವರ್ಕ್‌ಶಾಪ್. ಮೊನ್ನೆ ಎಣ್ಣೆ ಹಿಡ್ದ ಶೀಟ್ ಎತ್ತುವಾಗ ಜಾರಿ ನಮ್ಮ ಹುಡುಗನ ಹೆಬ್ಬೆರಳ ಬುಡ ಕೊಯ್ದು ನಾಲ್ಕು ಹೊಲಿಗೆ ಬಿತ್ತು ಮಾರಾಯ್ರೆ, ಕೈಗೆ ಹತ್ತಿ ಗ್ಲೌಸ್ ಇತ್ತು, ಅದೂ ಸೀಳಿ ಹೋಗಿದೆ. ಅಂಗಡಿಯಲ್ಲಿ ಒಂದು ಗ್ಲೌಸ್ ತೋರ್ಸಿ "ಲೆವೆಲ್ 5, ಎಂತ ಆಗುದಿಲ್ಲ" ಅಂದ್ರು. ಇನ್ನೊಂದ್ರ ಮೇಲೆ 4ಎಕ್ಸ್43ಡಿ ಅಂತ ಉಂಟು, ರೇಟ್ ಜಾಸ್ತಿ. ಯಾವ್ದು ತರ್ಲಿ?

ಸೇಫ್ಟಿ ಸುರತ್ಕಲ್:
ಡಿ ಇರುದನ್ನೇ ತನ್ನಿ. ಅದು ಇಎನ್ 388, ಅಂದ್ರೆ ಗ್ಲೌಸ್ ಎಷ್ಟು ತಡೀತದೆ ಅಂತ ತೋರ್ಸುವ ಯುರೋಪಿನ ಸ್ಟ್ಯಾಂಡರ್ಡಿನ ಗುರುತು. ಮೊದ್ಲ ನಾಲ್ಕು ಜಾಗ ಕ್ರಮವಾಗಿ ಸವೆಯುದು, ಕೊಯ್ಯುದು, ಹರಿಯುದು, ಚುಚ್ಚುದು ಇವನ್ನು ಎಷ್ಟು ತಡೀತದೆ ಅಂತ. ಎರಡನೇ ಜಾಗದ ಹಳೇ ಟೆಸ್ಟಲ್ಲಿ ದುಂಡು ಬ್ಲೇಡನ್ನು ಬಟ್ಟೆ ಮೇಲೆ ಹಿಂದೆ ಮುಂದೆ ಓಡಿಸ್ತಾರೆ, ನೂಲು ಗಟ್ಟಿ ಇದ್ರೆ ಬ್ಲೇಡೇ ಮೊಂಡಾಗಿ ಅಂಕ ಜಾಸ್ತಿ ಬರ್ತದೆ, ಹಾಗಾಗಿ ಬರೇ 5 ನೋಡಿ ನಂಬ್ಲಿಕ್ಕಾಗುದಿಲ್ಲ. ಅದಕ್ಕೇ 2016ರ ಆವೃತ್ತಿಯಲ್ಲಿ ಕೊನೆಗೆ ಅಕ್ಷರ ಸೇರಿಸಿದ್ದು, ಅದ್ರಲ್ಲಿ ನೇರ ಬ್ಲೇಡು, ಪ್ರತಿ ಸಲ ಹೊಸತು. ಬ್ಲೇಡನ್ನು ಎಷ್ಟು ಬಲ ಹಾಕಿ ಒತ್ತಿದ್ರೆ ಕೊಯ್ತದೆ ಅಂತ ಲೆಕ್ಕ: ಎ ಅಂದ್ರೆ ಕನಿಷ್ಠ 2 ನ್ಯೂಟನ್ (ಬಲದ ಅಳತೆ), ಡಿ 15, ಎಫ್ 30. ಎಕ್ಸ್ ನೋಡಿ ಹೆದರ್ಬೇಡಿ, ಹಳೇ ಟೆಸ್ಟ್ ಲೆಕ್ಕಕ್ಕಿಲ್ಲ ಅಂತ ಅಷ್ಟೆ. ಮತ್ತೆ ನಿಮ್ಮ ಹುಡುಗನಿಗೆ ಆದದ್ದು ಶೀಟ್ ಜಾರಿ ಅಲ್ವಾ, ಹಾಗಾದ್ರೆ ಅಂಗೈಗೆ ನೈಟ್ರೈಲ್ (ಒಂದು ಜಾತಿ ಕೃತಕ ರಬ್ಬರ್) ಕೋಟಿಂಗ್ ಬೇಕೇ ಬೇಕು, ಎಣ್ಣೆಯಲ್ಲೂ ಹಿಡಿತ ಸಿಗ್ತದೆ.

ಮಲ್ಪೆ ಕಡಲು:
ಅಣ್ಣ ನಾನು ಮೀನು ಕೊಯ್ಯುವ ಕಡೆ ಇರುದು, ಚೂರಿ ಬಲಗೈ, ಗ್ಲೌಸ್ ಎಡಗೈಗೆ. ಚೂರಿ ತಾಗಿದ್ರೆ ಗೆರೆ ಬೀಳ್ತದೆ ಅಷ್ಟೆ, ಆದ್ರೆ ಮೀನಿನ ಮುಳ್ಳು ನೂಲಿನ ಸಂದಿಯಲ್ಲಿ ಸೀದಾ ಒಳಗೆ. ನಿಮ್ಮ ಶೀಟಿನ ಚೂಪು ಮೂಲೆಯೂ ಹಾಗೇ, ಹುಡುಗ್ರಿಗೆ ಹೇಳಿಡಿ. ಹಳದಿ ಕೆವ್ಲಾರ್ (ಕೊಯ್ತ ತಡೆಯುವ ಗಟ್ಟಿ ಕೃತಕ ನೂಲು) ಗ್ಲೌಸ್ ಆದ್ರೆ ಬ್ಲೀಚಿಂಗ್ ಹಾಕಿ ತೊಳೀಬೇಡಿ, ನೂಲು ಬಲ ಕಳ್ಕೊಳ್ತದೆ.

ಹಳೇ ಟರ್ನರ್:
ಒಂದು ಮಾತು, ದಯವಿಟ್ಟು ಕೇಳಿ. ಡ್ರಿಲ್ ಮೆಷಿನ್, ಲೇತ್ ಹತ್ರ ಹೋಗುವಾಗ ಆ ಗ್ಲೌಸ್ ತೆಗ್ದೇ ಹೋಗ್ಬೇಕು. ಹತ್ತಿದಾದ್ರೆ ತಿರುಗುವ ಡ್ರಿಲ್ ಬಿಟ್‌ಗೆ ಸಿಕ್ಕಿ ಒಮ್ಮೊಮ್ಮೆ ಹರ್ದಾದ್ರೂ ಹೋಗ್ತದೆ (ಅದೂ ನಂಬುವ ಹಾಗಿಲ್ಲ), ಈ ಕೊಯ್ತ ತಡೆಯುವ ಗ್ಲೌಸಿನ ನೂಲು ಹರಿಯುದೇ ಇಲ್ಲ, ಬೆರಳನ್ನೂ ಸೇರ್ಸಿ ಸುತ್ತಿಕೊಳ್ತದೆ. ನಮ್ಮಲ್ಲಿ ಒಬ್ಬ ತೋರುಬೆರಳು ಕಳ್ಕೊಂಡದ್ದು ಹಾಗೆಯೇ, ನಾನು ಪಕ್ಕದ ಮೆಷಿನಲ್ಲೇ ಇದ್ದೆ.

ಬೈಕಂಪಾಡಿ ಫಿಟ್ಟರ್:
ಟರ್ನರಣ್ಣ, ಡ್ರಿಲ್ ವಿಷಯ ನಂಗೆ ಹೊಳ್ದೇ ಇರ್ಲಿಲ್ಲ. ಇವತ್ತೇ ಮೆಷಿನ್ ಪಕ್ಕ ಗ್ಲೌಸ್ ತೆಗ್ದಿಡ್ಲಿಕ್ಕೆ ಒಂದು ಮೊಳೆ ಹೊಡಿತೇನೆ. ಹುಡುಗ ಸೋಮವಾರ ಹೊಲಿಗೆ ತೆಗ್ಸಿ ಬರ್ತಾನೆ, ಎಲ್ಲರ ಕೈ ಅಳತೆ ಹಿಡ್ಕೊಂಡೇ ಅಂಗಡಿಗೆ ಹೋಗುದು.