ಮೂರನೇ ಅಡ್ಡರಸ್ತೆಯ ಮೊಬೈಲ್ ಗುಂಪು: ಕೋಳಿ ಕೊಂದದ್ದು ಯಾವ ಪ್ರಾಣಿ?

ಬೇವಿನಮರದ ಮನೆ, ಬೆಳಿಗ್ಗೆ 5.50
ಇನ್ನು ಸುಮ್ಮನಿರಲು ನನ್ನಿಂದಾಗದು. ರಾತ್ರಿ ಹುಂಜ ಒಮ್ಮೆ ಕಿರುಚಿತು. ಬ್ಯಾಟರಿ ಹಿಡಿದು ಹಿತ್ತಲಿಗೆ ಓಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾಲ್ಕು ಜವಾರಿ ಕೋಳಿ ಗೂಡಿನಲ್ಲೇ ಸತ್ತು ಬಿದ್ದಿವೆ, ಒಂದು ಕಾಣೆಯಾಗಿದೆ. ಕಾವಿಗೆ ಕೂತಿದ್ದ ಕರಿ ಹೇಂಟೆಯೂ ಹೋಯಿತು, ಮೊಟ್ಟೆಗಳು ತಣ್ಣಗಾಗಿವೆ. ಹಿಂದಿನ ಓಣಿಯಲ್ಲಿ ಹೀಗೇ ಆದಾಗ ಎಲ್ಲರೂ “ನೋಡೋಣ” ಎಂದಿರಿ. ಏನು ನೋಡಿದಿರಿ? ಕೊಂದದ್ದು ಯಾವುದೆಂದು ತಿಳಿಯುವವರೆಗೆ ನಾನು ಬಿಡುವುದಿಲ್ಲ.

ಟ್ಯಾಂಕ್ ಎದುರಿನ ಮನೆ
ಇದರಲ್ಲಿ ತಿಳಿಯುವುದೇನಿದೆ? ನಾಯಿಗಳು. ಮಹಡಿ ಮನೆಯವರು ದಿನವೂ ಅನ್ನ ಹಾಕಿ ಹಿಂಡು ಬೆಳೆಸಿದ್ದಾರೆ. ಎಲ್ಲವನ್ನೂ ಹಿಡಿದು ಗಾಡಿಗೆ ತುಂಬಿ ಗುಡ್ಡದಾಚೆ ಬಿಟ್ಟು ಬನ್ನಿ. ಬಾಡಿಗೆ ನಾನು ಕೊಡುತ್ತೇನೆ.

ಮಹಡಿ ಮನೆ
ಸರ್, ನನ್ನ ಗೇಟಿನ ಮುಂದಿನ ನಾಯಿಗಳು ರಾತ್ರಿಯಿಡೀ ಅಲ್ಲೇ ಮಲಗಿದ್ದವು. ನಾಯಿಗಳನ್ನು ಹಾಗೆ ಸಾಗಿಸಲು ಬರುವುದಿಲ್ಲ. ಸಂತಾನಹರಣ ಮಾಡಿಸಿ, ಲಸಿಕೆ ಹಾಕಿಸಿ ಹಿಡಿದ ಜಾಗದಲ್ಲೇ ಬಿಡಬೇಕು ಎಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮವೇ ಹೇಳುತ್ತದೆ. ನೋಡದೆ ಆರೋಪ ಹೊರಿಸಬೇಡಿ.

ಟ್ಯಾಂಕ್ ಎದುರಿನ ಮನೆ
ನಿಯಮ ನನಗೆ ಹೇಳಬೇಡಿ. ಈ ಬಡಾವಣೆಯಲ್ಲಿ ಮೊದಲ ಮನೆ ಕಟ್ಟಿದವನು ನಾನು.

ಕಿರಾಣಿ ಅಂಗಡಿ
(ರವಾನೆಯಾದ ವಿಡಿಯೊ) ಚಿರತೆ ಗೋಡೆ ಹಾರುತ್ತಿದೆ. ನಮ್ಮ ಗುಡ್ಡದ್ದೇ ಅಂತೆ. ಎಲ್ಲರಿಗೂ ಕಳಿಸಿ.

ಕೊನೆಯ ಮನೆ
ಅಣ್ಣ, ಆ ವಿಡಿಯೊದಲ್ಲಿ ಅಡಿಕೆ ತೋಟ ಕಾಣುತ್ತಿದೆ. ಕೊಪ್ಪಳದ ಗುಡ್ಡದಲ್ಲಿ ಅಡಿಕೆ ಎಲ್ಲಿಂದ ಬಂತು? ಮಕ್ಕಳು ಹೆದರುತ್ತಾರೆ, ದಯವಿಟ್ಟು ಅಳಿಸಿ.

ಕಿರಾಣಿ ಅಂಗಡಿ
ಹಾಗಾದರೆ ತೋಳ ಇರಬೇಕು. ಗಂಗಾವತಿ ಕಡೆ ಬಂಕಾಪುರದಲ್ಲಿ ತೋಳಧಾಮ ಇದೆಯಲ್ಲ.

ಕಾಂಪೌಂಡರ್ ಕಾಕಾ
ತೋಳವನ್ನು ಇದಕ್ಕೆ ಎಳೆಯಬೇಡಿ. ಪಶು ಆಸ್ಪತ್ರೆಯಲ್ಲಿ ಇಂಥವನ್ನು ಬಹಳ ನೋಡಿದ್ದೇನೆ. ತಂಗಿ, ಸತ್ತ ಕೋಳಿಗಳನ್ನು ಎಸೆಯಬೇಡ. ಗಾಯ ಎಲ್ಲಿದೆ, ಮಾಂಸ ತಿಂದಿದೆಯೇ, ಒಳಗೆ ಬಂದ ದಾರಿ ಎಷ್ಟು ಅಗಲ, ಈ ಮೂರನ್ನು ಹೇಳು.

ಬೇವಿನಮರದ ಮನೆ
ಮೂರರ ಕತ್ತಿನ ಹಿಂಭಾಗದಲ್ಲಿ ಹಲ್ಲಿನ ತೂತುಗಳಿವೆ ಕಾಕಾ, ಮೈ ಹರಿದಿಲ್ಲ. ಒಂದರ ತಲೆ ಇಲ್ಲ, ಎದೆಯ ಮಾಂಸ ಸ್ವಲ್ಪ ತಿಂದಿದೆ. ಕೆಳಗಿನ ಜಾಲರಿ ಹಾಗೆಯೇ ಇದೆ, ನೆಲ ಕೆದರಿಲ್ಲ. ತಗಡು ಗೋಡೆಗೆ ಸೇರುವ ಮೂಲೆಯಲ್ಲಿ ನನ್ನ ಮುಷ್ಟಿ ಸರಾಗವಾಗಿ ಹೋಗುವಷ್ಟು ಸಂದಿ ಇದೆ. ಅಲ್ಲಿ ಮೊಳೆಗೆ ಎರಡು ಬೂದು ಕೂದಲು ಸಿಕ್ಕಿಕೊಂಡಿವೆ. ತಗಡಿನ ಮೇಲೆ ಹಿಕ್ಕೆ ಇದೆ, ಅದರಲ್ಲಿ ಹಣ್ಣಿನ ಬೀಜಗಳಿವೆ.

ಕಾಂಪೌಂಡರ್ ಕಾಕಾ
ಆ ಸಂದಿಯಲ್ಲಿ ನಾಯಿ ತೂರುವುದಿಲ್ಲ. ನಾಯಿ ಬಂದಿದ್ದರೆ ಜಾಲರಿ ಕಿತ್ತಿರುತ್ತಿತ್ತು, ಕೋಳಿಗಳು ಹಿತ್ತಲೆಲ್ಲ ಚೆಲ್ಲಿರುತ್ತಿದ್ದವು. ಮುಂಗುಸಿಯೂ ಕತ್ತಿಗೇ ಬಾಯಿ ಹಾಕುತ್ತದೆ, ಆದರೆ ಅದು ಹಗಲಿನ ಪ್ರಾಣಿ. ಹಾವಾದರೆ ಮೊಟ್ಟೆಯನ್ನೋ ಮರಿಯನ್ನೋ ಇಡಿಯಾಗಿ ನುಂಗುತ್ತದೆ, ತಲೆ ಕಡಿಯುವುದಿಲ್ಲ. ಹಗಲಲ್ಲಿ ಮರಿ ಸದ್ದಿಲ್ಲದೆ ಮಾಯವಾದರೆ ಹದ್ದನ್ನೋ ಗಿಡುಗನನ್ನೋ ನೆನೆಯಬೇಕು. ಕಾಡುಬೆಕ್ಕು ಸಾಮಾನ್ಯವಾಗಿ ಒಂದನ್ನು ಕಚ್ಚಿಕೊಂಡು ಹೊರಟುಹೋಗುತ್ತದೆ. ರಾತ್ರಿ ಹೊತ್ತು, ಮೇಲಿನ ಸಂದಿ, ಬೀಜ ತುಂಬಿದ ಹಿಕ್ಕೆ ಇವೆಲ್ಲ ಸೇರಿದರೆ ನನ್ನ ಅನುಮಾನ ಹಣ್ಣನ್ನೂ ತಿನ್ನುವ ಪುನುಗು ಬೆಕ್ಕಿನ ಮೇಲೆ. ಆದರೂ ಹೆಜ್ಜೆ ನೋಡದೆ ಖಚಿತವಾಗಿ ಹೇಳಲಾರೆ. ಗೂಡಿನ ಸುತ್ತ, ತಗಡಿನ ಮೇಲೆ ಒಲೆಯ ಬೂದಿ ಜರಡಿ ಹಿಡಿದು ತೆಳ್ಳಗೆ ಹಾಕಿ. ನಾಲ್ಕು ಬೆರಳು, ಉಗುರಿನ ಗುರುತು ಇದ್ದರೆ ನಾಯಿ ಅಥವಾ ನರಿ. ನಾಲ್ಕು ಬೆರಳು, ಉಗುರಿಲ್ಲದಿದ್ದರೆ ಬೆಕ್ಕಿನ ಜಾತಿ. ಐದು ಬೆರಳಿದ್ದರೆ ಪುನುಗು ಅಥವಾ ಮುಂಗುಸಿ. ಕೋಳಿ ಇರುವ ಮನೆಗಳವರೆಲ್ಲ ಇಂದೇ ಹಾಕಿ.

ಮಹಡಿ ಮನೆ
ಈಗಲಾದರೂ ನಾಯಿಗಳ ಹೆಸರು ಬಿಡಿ.

ಟ್ಯಾಂಕ್ ಎದುರಿನ ಮನೆ
ಕಾಕಾ ಅನುಮಾನ ಎಂದಿದ್ದಾರೆ, ತೀರ್ಪು ಕೊಟ್ಟಿಲ್ಲ. ನಾಯಿಯೋ ಪುನುಗೋ, ಮಾಂಸದ ತುಂಡಿಗೆ ಔಷಧ ಸವರಿ ಜಾಲಿ ಪೊದೆಯೊಳಗೆ ಎಸೆದರೆ ಎಲ್ಲಕ್ಕೂ ಒಂದೇ ಪರಿಹಾರ.

ಕಾಂಪೌಂಡರ್ ಕಾಕಾ
ಆ ಮಾತು ಇಲ್ಲಿ ಬೇಡವೇ ಬೇಡ. ಪುನುಗು, ಕಾಡುಬೆಕ್ಕು, ಮುಂಗುಸಿ ಮೂರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ವಿಷ ಇಟ್ಟರೆ ಜೈಲು. ಅದನ್ನು ಆಕಳು ತಿನ್ನಬಹುದು, ಆಡುವ ಮಗು ಮುಟ್ಟಬಹುದು. ಇಲಿ, ಹೆಗ್ಗಣಗಳನ್ನು ಹಿಡಿತದಲ್ಲಿ ಇಟ್ಟಿರುವುದೂ ಇದೇ ಪ್ರಾಣಿಗಳು.

ಬೇವಿನಮರದ ಮನೆ
ಕೋಳಿ ಕಳೆದುಕೊಂಡವಳು ನಾನು, ನಾನೇ ಹೇಳುತ್ತೇನೆ: ಯಾರೂ ವಿಷ ಇಡಕೂಡದು. ನನಗೆ ಬೇಕಾದದ್ದು ಅರ್ಧ ಇಂಚು ಕಣ್ಣಿನ ಗಟ್ಟಿ ಬೆಸುಗೆ ಜಾಲರಿ. ಅಂಗಡಿಯವರು “ಕೋಳಿ ಜಾಲರಿ” ಎಂದು ಕೊಡುವ ತೆಳು ತಂತಿ ಕೋಳಿ ಹೊರಹೋಗದಂತೆ ತಡೆಯುತ್ತದೆ, ಹಲ್ಲಿರುವ ಪ್ರಾಣಿಯನ್ನು ತಡೆಯುವುದಿಲ್ಲ. ಆರು ಮನೆ ಸೇರಿ ಒಂದು ಸುರುಳಿ ತಂದರೆ ಅಗ್ಗವಾಗುತ್ತದೆ. ಯಾರು ಸೇರುತ್ತೀರಿ?

ಕೊನೆಯ ಮನೆ
ನಾನಿದ್ದೇನೆ ಅಕ್ಕ. ಆದರೆ ಖಾಲಿ ನಿವೇಶನದಲ್ಲಿ ಕೋಳಿ ಅಂಗಡಿಯ ಪುಕ್ಕ, ಕರುಳು ತಂದು ಸುರಿಯುವವರು ಯಾರು? ಆ ವಾಸನೆಗೇ ಇವೆಲ್ಲ ಬರುತ್ತವೆ.

ಕಿರಾಣಿ ಅಂಗಡಿ
ನನ್ನ ಕಡೆ ನೋಡಬೇಡಿ. ನನ್ನ ಅಂಗಡಿಯಲ್ಲಿ ಮೊಟ್ಟೆ ಮಾತ್ರ ಸಿಗುತ್ತದೆ.

ಟ್ಯಾಂಕ್ ಎದುರಿನ ಮನೆ
ನಿವೇಶನದ ಮಾಲೀಕರು ಬೇರೆ ಊರಿನಲ್ಲಿದ್ದಾರೆ. ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿದೆ. ಅದನ್ನು ಕಡಿಸದ ಸಂಘವೇ ಹೊಣೆ. ಹೋದ ವರ್ಷದ ಚಂದಾ ಎಲ್ಲಿ ಹೋಯಿತು?

ಸಂಘದ ಕಾರ್ಯದರ್ಶಿ
ಚಂದಾದ ಲೆಕ್ಕ ಗಣೇಶನ ಪೆಂಡಾಲಿನಲ್ಲೇ ಓದಿದ್ದೇನೆ. ಅಂದು ನೀವು ಬಂದಿರಲಿಲ್ಲ.

(ಇದರ ಮೇಲೆ ಮಧ್ಯಾಹ್ನದವರೆಗೂ ಮಾತು ನಡೆಯಿತು.)

ಕೊನೆಯ ಮನೆ, ಮರುದಿನ ಬೆಳಿಗ್ಗೆ
ನಾನು ಬೂದಿ ಹಾಕಿದ್ದೆ. ಏಳುವಷ್ಟರಲ್ಲಿ ನಮ್ಮ ಅತ್ತೆ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕಿಬಿಟ್ಟಿದ್ದರು.

ಬೇವಿನಮರದ ಮನೆ
ನಮ್ಮ ತಗಡಿನ ಮೇಲೆ ಹೆಜ್ಜೆ ಬಿದ್ದಿವೆ. ಒಂದರಲ್ಲಿ ಐದು ಬೆರಳು ಸ್ಪಷ್ಟವಾಗಿವೆ, ಚಿತ್ರ ಹಾಕಿದ್ದೇನೆ. ಕಾಕಾ, ನೋಡಿ. ಉಳಿದ ಮನೆಗಳವರು ಏನು ಕಂಡಿರಿ? ಜಾಲರಿಗೆ ಇಲ್ಲಿಯವರೆಗೆ ಇಬ್ಬರೇ ಹೆಸರು ಕೊಟ್ಟಿದ್ದೀರಿ.

ಕಾಂಪೌಂಡರ್ ಕಾಕಾ
ರಾತ್ರಿ ಬಿದ್ದ ಐದು ಬೆರಳಿನ ಹೆಜ್ಜೆ, ಹಾಗಾದರೆ ಪುನುಗೇ. ಮೇಲಿನ ಸಂದಿ ಇಂದೇ ಮುಚ್ಚು ತಂಗಿ. ರುಚಿ ಕಂಡದ್ದು ಮತ್ತೆ ಬರುತ್ತದೆ.

ಸಂಘದ ಕಾರ್ಯದರ್ಶಿ
ನಗರಸಭೆಗೆ ಮನವಿ ಬರೆಯುತ್ತಿದ್ದೇನೆ. ಜಾಲಿ ಕಡಿಸುವುದು, ಮಾಂಸದ ಕಸ, ಬೀದಿ ದೀಪ, ಚರಂಡಿ. ಕೋಳಿಯ ವಿಷಯ ಐದನೆಯದು. ಎಲ್ಲರೂ ಸಹಿ ಹಾಕಿ.

ಟ್ಯಾಂಕ್ ಎದುರಿನ ಮನೆ
ಮೊದಲು ನೀರು ಎಂದು ಬರೆಯಿರಿ. ವಾರವಾದರೂ ನಲ್ಲಿಗೆ ಹನಿ ಬಂದಿಲ್ಲ.

ಮಹಡಿ ಮನೆ
ಈ ಮಾತಿಗೆ ನನ್ನದೂ ಸಹಿ.

ಕಿರಾಣಿ ಅಂಗಡಿ
ನಮ್ಮ ಮನೆಗೂ ಬಂದಿಲ್ಲ. ಎರಡನೇ ಅಡ್ಡರಸ್ತೆಗೆ ಬಿಟ್ಟಿದ್ದಾರೆಯೇ?