ಸ್ಟಾಪ್‌ಗೆ ಎರಡು ಪಿ, ಓಪನ್‌ಗೆ ಒಂದೇ ಎನ್: ಯಾಕೆ?

ಪ್ರಶ್ನೆ: ಇಂಗ್ಲಿಷ್ ಕ್ರಿಯಾಪದದ ಕೊನೆಗೆ ಇಡಿ (ed) ಸೇರಿಸಿ ಭೂತಕಾಲ ಮಾಡುವಾಗ ಸ್ಟಾಪ್‌ನಲ್ಲಿ ಪಿ ಇಮ್ಮಡಿಯಾಗುತ್ತದೆ, ಓಪನ್‌ನಲ್ಲಿ ಎನ್ ಆಗುವುದಿಲ್ಲ. ಎರಡೂ ನಿಯಮಿತ ಕ್ರಿಯಾಪದಗಳೇ ತಾನೆ? ಇಡಿಯ ಉಚ್ಚಾರಣೆಯೂ ಒಂದೊಂದು ಕಡೆ ಒಂದೊಂದು ಥರ ಯಾಕೆ?

ಉತ್ತರ 1: ಪದ ಹೇಳುವಾಗ ಒತ್ತು, ಅಂದರೆ ದನಿಯ ಬಲ, ಎಲ್ಲಿ ಬೀಳುತ್ತದೆ ನೋಡಿ. ಪದದ ಕೊನೆಗೆ ಒಂದೇ ಸ್ವರಾಕ್ಷರ, ಆಮೇಲೆ ಒಂದೇ ವ್ಯಂಜನ ಇದ್ದು, ಒತ್ತು ಕೊನೆಯ ಉಚ್ಚಾರಾಂಶದ ಮೇಲಿದ್ದರೆ ವ್ಯಂಜನ ಇಮ್ಮಡಿ. ಅಡ್ಮಿಟ್‌ಗೆ ಎರಡು ಟಿ ಬರುವುದು ಇದಕ್ಕೇ. ಓಪನ್‌ನಲ್ಲಿ ಒತ್ತು ಮೊದಲಿಗೇ ಬೀಳುತ್ತದೆ. ಡಬ್ಲ್ಯೂ, ಎಕ್ಸ್, ವೈ ಇಮ್ಮಡಿಯಾಗುವುದಿಲ್ಲ. ಟ್ರಾವೆಲ್ ಮಾತ್ರ ಬೇರೆ: ಬ್ರಿಟಿಷ್ ಬರಹದಲ್ಲಿ ಎರಡು ಎಲ್, ಅಮೆರಿಕನ್‌ನಲ್ಲಿ ಒಂದೇ. ಐಎನ್‌ಜಿ ಸೇರಿಸುವಾಗಲೂ ಇದೇ ಲೆಕ್ಕ.

ಉತ್ತರ 2: ಉಚ್ಚಾರಣೆಗೆ ಕಾಗುಣಿತ ನೋಡಬೇಡಿ, ಕಿವಿಗೆ ಕೇಳುವ ಕೊನೆಯ ಧ್ವನಿ ಹಿಡಿಯಿರಿ. ಗಂಟಲ ಮೇಲೆ ಬೆರಳಿಟ್ಟು ಹೇಳಿ. ವಾಕ್‌ನ ಕೊನೆಯ ಕ್‌ಗೆ ಗಂಟಲು ಕಂಪಿಸುವುದಿಲ್ಲ, ಹಾಗಾಗಿ ವಾಕ್ಟ್. ಪ್ಲೇ ಮುಗಿಯುವಾಗ ಕಂಪಿಸುತ್ತದೆ, ಹಾಗಾಗಿ ಪ್ಲೇಡ್. ಟ್ ಅಥವಾ ಡ್‌ನಿಂದ ಮುಗಿದರೆ ಮಾತ್ರ ಒಂದು ಉಚ್ಚಾರಾಂಶ ಹೆಚ್ಚುತ್ತದೆ: ವಾಂಟಿಡ್, ನೀಡಿಡ್. ವಾಕೆಡ್ ಎನ್ನುವುದು ತಪ್ಪು.

ಉತ್ತರ 3: ಇದಕ್ಕಿಂತ ಹೆಚ್ಚು ಎಡವುವುದು ಡಿಡ್ ಜೊತೆ. ಡಿಡ್ ಆಗಲೇ ಭೂತಕಾಲ ಹೊತ್ತಿರುತ್ತದೆ, ಮುಂದೆ ಮೂಲರೂಪವೇ ಬರಬೇಕು: ಐ ಡಿಡ್ ನಾಟ್ ವಾಕ್. ಹ್ಯಾವ್, ಹ್ಯಾಡ್ ಬಂದರೆ ಇಡಿ ಬೇಕೇ ಬೇಕು: ಐ ಹ್ಯಾವ್ ವಾಕ್ಟ್.