ಕರೆಂಟ್ ಕೊಟ್ಟರೆ ಮಿದುಳಿನ ತಡೆಗೋಡೆ ಸೋರುತ್ತಾ?

ಹಾಸನದ ಮಗಳು:
ಅಮ್ಮನಿಗೆ 61 ವರ್ಷ. ಖಿನ್ನತೆ ಜಾಸ್ತಿಯಾಗಿ ಊಟ ಬಿಟ್ಟಿದ್ದಾರೆ, ಮಾತೂ ಇಲ್ಲ. ಎರಡು ಸಲ ಮಾತ್ರೆ ಬದಲಾಯಿಸಿದ್ದಾಯ್ತು. ಈಗ ಡಾಕ್ಟರ್ ಇಸಿಟಿ (ತಲೆಗೆ ಕರೆಂಟ್ ಕೊಟ್ಟು ಫಿಟ್ಸ್ ಬರಿಸೋ ಚಿಕಿತ್ಸೆ) ಮಾಡೋಣ ಅಂತಾರೆ. ರಾತ್ರಿ ಸುಮ್ನೆ ಇರಲಾರದೆ ಹುಡುಕುತ್ತಾ ಕೂತೆ, ಅದರಿಂದ ರಕ್ತಕ್ಕೂ ಮಿದುಳಿಗೂ ನಡುವಿನ ತಡೆಗೋಡೆ ಒಡೆಯುತ್ತದೆ ಅಂತ ಓದಿದೆ. ನಿಜಾನಾ? ಅಮ್ಮನಿಗೆ ಬಿಪಿ ಬೇರೆ ಇದೆ.

ಅರಿವಳಿಕೆಯವನು:
ತಡೆಗೋಡೆ ಅಂದರೆ ಮಿದುಳಿನ ಸುತ್ತ ಕಟ್ಟಿದ ಕಾಂಪೌಂಡ್ ಅಲ್ಲ ಅಕ್ಕ. ಮಿದುಳಿನ ಸಣ್ಣ ಸಣ್ಣ ರಕ್ತನಾಳಗಳ ಒಳಪದರದ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ, ಅಷ್ಟೇ. ಇಸಿಟಿಯಲ್ಲಿ ಕರೆಂಟ್ ಹರಿಯುವುದು ಕೆಲವೇ ಸೆಕೆಂಡು. ಅದರಿಂದ ಬರುವ ಫಿಟ್ಸ್ ಸಾಮಾನ್ಯವಾಗಿ ಒಂದು ನಿಮಿಷದ ಒಳಗೇ ನಿಲ್ಲುತ್ತದೆ, ಆದರೆ ಆ ಹೊತ್ತಿನಲ್ಲಿ ಬಿಪಿ ದಿಢೀರನೆ ಏರುತ್ತದೆ, ಗಮನ ಇಡಬೇಕಾದ್ದು ಅಲ್ಲಿ. 1977ರಲ್ಲಿ ಡೆನ್ಮಾರ್ಕಿನವರು ಇಲಿಗಳಿಗೆ ಫಿಟ್ಸ್ ಬರಿಸಿ ನೋಡಿದ್ದರು. ಬಿಪಿ ಏರಿದಾಗ ತಡೆಗೋಡೆ ಸೋರಿತು, ಬಿಪಿ ಏರದ ಹಾಗೆ ಮಾಡಿದಾಗ ಸೋರಿಕೆ ಬಹುಮಟ್ಟಿಗೆ ನಿಂತಿತು. ಅಂದರೆ ತಪ್ಪು ಕರೆಂಟಿನದ್ದಕ್ಕಿಂತ ಒತ್ತಡದ್ದು, ಅಲ್ವಾ? ನೀವು ಓದಿದ್ದು ಬಹುಶಃ ಇಂಥ ಇಲಿಗಳ ಕಥೆ. ಆ ಇಲಿಗಳ ಲೆಕ್ಕವನ್ನು ಹಾಗೇ ತಂದು ಅಮ್ಮನ ಮೇಲೆ ಹಾಕಬೇಡಿ.

ಮನುಷ್ಯರಲ್ಲೂ ನೋಡಿದ್ದಾರೆ. 2000ದಲ್ಲಿ ಬಂದ ಒಂದು ಸಣ್ಣ ಅಧ್ಯಯನದಲ್ಲಿ ಇಸಿಟಿಗೆ ಮೊದಲು ಮತ್ತು ನಂತರ ಬೆನ್ನಿನಿಂದ ನೀರು (ಮಿದುಳಿನ ಸುತ್ತಲೂ ಇರುವ ಅದೇ ದ್ರವ) ತೆಗೆದು ಪರೀಕ್ಷಿಸಿದರು. ನರಕೋಶಕ್ಕೆ ಪೆಟ್ಟಾದರೆ ಏರಬೇಕಾದ ಪ್ರೋಟೀನುಗಳು ಏರಿರಲಿಲ್ಲ.

ಮೈಸೂರ್ ಪಾಕ್:
ನಮ್ಮ ಚಿಕ್ಕಪ್ಪನಿಗೆ 8 ಸಲ ಆಗಿದೆ, ವಾರಕ್ಕೆ ಮೂರರಂತೆ. ತಡೆಗೋಡೆ ಗಿಡೆಗೋಡೆ ನಂಗೊತ್ತಿಲ್ಲ. ಅವರಿಗೆ ತೊಂದರೆ ಆಗಿದ್ದು ಮರೆವಿನಿಂದ. ಆ ತಿಂಗಳಲ್ಲಿ ನಡೆದ ನಾಮಕರಣ ಅವರಿಗೆ ಇವತ್ತಿಗೂ ನೆನಪಿಲ್ಲ, ಫೋಟೋ ತೋರಿಸಿದರೆ "ನಾನೂ ಇದ್ನಾ?" ಅಂತಾರೆ. ಆದರೆ ಐದನೇದು ಆದಮೇಲೆ ತಾವೇ ಎದ್ದು ಕಾಫಿ ಕೇಳಿದರು. ಸಿನಿಮಾದಲ್ಲಿ ತೋರಿಸೋ ಹಾಗೆ ಹಿಡಿದು ಕಟ್ಟೋದೇನೂ ಇಲ್ಲ, ಮಲಗಿಸಿ ಅರಿವಳಿಕೆ ಕೊಟ್ಟೇ ಮಾಡಿದ್ದು.

ಅರಿವಳಿಕೆಯವನು:
ಹೌದು, 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಇಸಿಟಿ ಮಾಡುವ ಹಾಗೇ ಇಲ್ಲ. ಮರೆವಿನ ಬಗ್ಗೆ ಅವರು ಹೇಳಿದ್ದು ಸರಿ, ಅದನ್ನು ಮುಚ್ಚಿಡಬಾರದು. ಕರೆಂಟ್ ತಲೆಯ ಬಲಗಡೆಗೆ ಮಾತ್ರ ಕೊಡಬಹುದಾ ಅಂತ ಕೇಳಿ, ಎರಡೂ ಕಡೆ ಕೊಡುವುದಕ್ಕಿಂತ ಮರೆವು ಕಡಿಮೆ. ಬಿಪಿ ಇದೆ ಅಂತ ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿ, ಆ ಒಂದು ನಿಮಿಷದ ಏರಿಕೆ ತಗ್ಗಿಸಲು ಲ್ಯಾಬೆಟಲಾಲ್, ಎಸ್ಮೊಲಾಲ್ ತರಹದ ಇಂಜೆಕ್ಷನ್ ಇವೆ.

ಹಾಸನದ ಮಗಳು:
ಥ್ಯಾಂಕ್ಸ್ ಇಬ್ಬರಿಗೂ. ನಾಳೆ ಬಿಪಿ ಚೀಟಿ ತಗೊಂಡು ಹೋಗ್ತೀನಿ. ಇನ್ನೊಂದು ಮಾತು, ಆವತ್ತು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕಂತೆ, ಹಾಗಾದರೆ ಬಿಪಿ ಮಾತ್ರೆ ಕೊಡಬೇಕಾ ಬೇಡ್ವಾ?

ಅರಿವಳಿಕೆಯವನು:
ಹೆಚ್ಚಾಗಿ ಒಂದು ಗುಟುಕು ನೀರಿನಲ್ಲಿ ಕೊಡಿ ಅಂತಾರೆ. ಯಾವ ಮಾತ್ರೆ ಅನ್ನೋದರ ಮೇಲೆ ಹೋಗುತ್ತೆ, ಚೀಟಿ ತೋರಿಸಿ ಅಲ್ಲೇ ಕೇಳಿ.